ನೇಫಾದಿಂದ ಅರುಣಾಚಲದವರೆಗೆ: ಪದೇ ಪದೇ ಕೇಳುವ ಪ್ರಶ್ನೆಗಳು

ಈಶಾನ್ಯ ಭಾರತದ ಮಾತು ಬಂದಾಗಲೆಲ್ಲ ಗೆಳೆಯರು, ತವಾಂಗ್‌ಗೆ ಹೊರಟವರು, ಸ್ಪರ್ಧಾತ್ಮಕ ಪರೀಕ್ಷೆಗೆ ಓದುವವರು ಕೇಳುತ್ತ ಬಂದ ಪ್ರಶ್ನೆಗಳಿವು. ಕೇಳಿದವರ ಮಾತಿನಲ್ಲೇ ಇಟ್ಟಿದ್ದೇನೆ. ಹೊಸಬರು ಮೇಲಿನಿಂದ ಓದಿಕೊಂಡು ಬನ್ನಿ. ಹಿನ್ನೆಲೆ ಗೊತ್ತಿದ್ದವರು ಕೊನೆಯ ಭಾಗಕ್ಕೆ ನೇರವಾಗಿ ಹೋಗಬಹುದು.

## ಮೊದಲು ತಿಳಿಯಬೇಕಾದ್ದು

ನೇಫಾ ಅಂದ್ರೆ ಅರುಣಾಚಲ ಪ್ರದೇಶವೇ ತಾನೇ? ಹೆಸರು ಮಾತ್ರ ಬದಲಾಗಿದ್ದಾ?

ಬಹುಮಟ್ಟಿಗೆ ಹೌದು. ನಾರ್ತ್ ಈಸ್ಟ್ ಫ್ರಾಂಟಿಯರ್ ಏಜೆನ್ಸಿ ಎಂಬುದರ ಮೊದಲಕ್ಷರಗಳೇ ನೇಫಾ. ಈ ಹೆಸರು 1954ರಿಂದ 1972ರವರೆಗೆ ನಡೆಯಿತು. ಆಗ ಅದರಲ್ಲಿ ಆರು ವಿಭಾಗಗಳಿದ್ದವು: ಕಾಮೆಂಗ್, ಸುಬನ್‌ಸಿರಿ, ಸಿಯಾಂಗ್, ಲೋಹಿತ್, ತಿರಪ್ ಮತ್ತು ತುಯೆನ್‌ಸಾಂಗ್. ತುಯೆನ್‌ಸಾಂಗ್ 1957ರಲ್ಲಿ ನಾಗಾ ಬೆಟ್ಟಗಳ ಜಿಲ್ಲೆಯ ಜೊತೆ ಸೇರಿ, ಮುಂದೆ ನಾಗಾಲ್ಯಾಂಡ್ ಆಯಿತು. ಉಳಿದ ಐದೇ ಇಂದಿನ ಅರುಣಾಚಲ.

ವಿಸ್ತೀರ್ಣ 83,743 ಚದರ ಕಿಲೋಮೀಟರ್, ಕರ್ನಾಟಕದ ಅರ್ಧಕ್ಕಿಂತ ಸ್ವಲ್ಪ ಕಡಿಮೆ. ಜನಸಂಖ್ಯೆ 2011ರ ಗಣತಿಯಂತೆ ಸುಮಾರು 13.8 ಲಕ್ಷ. 1961ರಲ್ಲಿ ಮೊದಲ ಬಾರಿಗೆ ಅಲ್ಲಿ ಸರಿಯಾಗಿ ತಲೆ ಎಣಿಸಿದಾಗ ಸಿಕ್ಕಿದ್ದು ಮೂರೂವರೆ ಲಕ್ಷಕ್ಕೂ ಕಡಿಮೆ ಜನ. ಇಷ್ಟು ದೊಡ್ಡ ನೆಲ, ಇಷ್ಟು ವಿರಳ ಜನ, ನಡುವೆ ದಾಟಲಾಗದ ಕಣಿವೆಗಳು: ಮುಂದಿನ ಉತ್ತರಗಳನ್ನೆಲ್ಲ ಇದನ್ನು ನೆನಪಿಟ್ಟುಕೊಂಡೇ ಓದಬೇಕು.

ಬ್ರಿಟಿಷರು ಬರೋಕೆ ಮುಂಚೆ ಅಲ್ಲಿ ಯಾರ ರಾಜ್ಯ ಇತ್ತು?

ಬಹುಪಾಲು ಬೆಟ್ಟಗಳಲ್ಲಿ ಯಾರ ರಾಜ್ಯವೂ ಇರಲಿಲ್ಲ. ಹಾಗೆಂದು ವ್ಯವಸ್ಥೆಯೇ ಇರಲಿಲ್ಲ ಎಂದಲ್ಲ. ಆದಿ ಜನರಿಗೆ ಕೆಬಾಂಗ್ ಎಂಬ ಊರ ಸಭೆ ಇತ್ತು. ಜಿರೋ ಕಣಿವೆಯ ಅಪಾತಾನಿಗಳಿಗೆ ಬುಲಿಯಾಂಗ್ ಎಂಬ ಹಿರಿಯರ ಕೂಟ. ಜಮೀನಿನ ಜಗಳ, ಕಳವು, ಕೊಲೆ ಎಲ್ಲವೂ ಅಲ್ಲೇ ತೀರ್ಮಾನ ಆಗುತ್ತಿದ್ದವು. ಪಶ್ಚಿಮದ ತವಾಂಗ್ ಭಾಗದ ಮೋನ್ಪಾಗಳು ಮಾತ್ರ ಬೌದ್ಧ ಮಠಕ್ಕೂ, ಗಡಿಯಾಚೆ ತ್ಸೋನಾದಲ್ಲಿದ್ದ ಟಿಬೆಟಿನ ಅಧಿಕಾರಿಗೂ ಕಂದಾಯ ಕೊಡುತ್ತಿದ್ದರು.

ಕೆಳಗೆ ಬ್ರಹ್ಮಪುತ್ರ ಬಯಲಿನಲ್ಲಿ ಅಹೋಮ್ ಅರಸರಿದ್ದರು. ಬೆಟ್ಟದವರು ಬಯಲಿಗಿಳಿದು ದಾಳಿ ಮಾಡದಿರಲೆಂದು ಕೆಲವು ಬುಡಕಟ್ಟುಗಳಿಗೆ ಬಯಲಿನ ಹಳ್ಳಿಗಳಿಂದ ವರ್ಷಕ್ಕಿಷ್ಟು ಸಾಮಾನು ಪಡೆಯುವ ಹಕ್ಕು ಕೊಟ್ಟಿದ್ದರು. ಇದಕ್ಕೆ ಪೋಸಾ ಎಂದು ಹೆಸರು. ಬ್ರಿಟಿಷರು ಅದನ್ನು ನಗದಿಗೆ ತಿರುಗಿಸಿ ಮುಂದುವರಿಸಿದರು. ಕೊಡುವವನು ಅದನ್ನು ದಯೆ ಎಂದುಕೊಂಡ, ಪಡೆಯುವವನು ಹಕ್ಕು ಎಂದುಕೊಂಡ. ಮುಂದಿನ ಜಗಳಗಳ ಬೀಜ ಅಲ್ಲೇ ಇತ್ತು.

ಅದು ಅಸ್ಸಾಮಿನ ಭಾಗ ಆಗಿತ್ತು ಅಂತ ಓದಿದ್ದೆ. ಸರಿಯಾ?

ಕಾಗದದ ಮೇಲೆ ಸರಿ, ಆಚರಣೆಯಲ್ಲಿ ಅಲ್ಲ. 1826ರ ಯಾಂಡಬೊ ಒಪ್ಪಂದದಿಂದ ಅಸ್ಸಾಂ ಬ್ರಿಟಿಷರ ಕೈಗೆ ಬಂತು. ಅವರಿಗೆ ಬೇಕಿದ್ದದ್ದು ಬಯಲು, ಸ್ವಲ್ಪ ಸಮಯದಲ್ಲೇ ಚಹಾ ತೋಟ. ಬೆಟ್ಟಗಳನ್ನು ಅಸ್ಸಾಮಿನ ಲೆಕ್ಕಕ್ಕೆ ಹಾಕಿಕೊಂಡರೂ ಅಲ್ಲಿ ಕಂದಾಯವಿಲ್ಲ, ಠಾಣೆಯಿಲ್ಲ. 1950ರ ಸಂವಿಧಾನವೂ ಈ ನೆಲವನ್ನು ಅಸ್ಸಾಮಿನ ಒಳಗೇ ಇಟ್ಟಿತು. ಆದರೆ ಆರನೇ ಪರಿಚ್ಛೇದದ ಪ್ರಕಾರ ಅಸ್ಸಾಮಿನ ರಾಜ್ಯಪಾಲರು ರಾಷ್ಟ್ರಪತಿಯ ಪ್ರತಿನಿಧಿಯಾಗಿ, ಅಂದರೆ ಏಜೆಂಟರಾಗಿ, ತಮ್ಮ ವಿವೇಚನೆಯಂತೆ ಅಲ್ಲಿನ ಆಡಳಿತ ನೋಡಬೇಕಿತ್ತು. ಅಸ್ಸಾಮಿನ ಮುಖ್ಯಮಂತ್ರಿಗೆ ಅಲ್ಲಿ ಅಧಿಕಾರ ಇರಲಿಲ್ಲ. ಈ ವಿಚಿತ್ರ ಏರ್ಪಾಡು 1972ರವರೆಗೆ ನಡೆಯಿತು.

ನಮ್ಮ ದೇಶದೊಳಗೇ ಹೋಗೋಕೆ ಪರ್ಮಿಟ್ ಯಾಕೆ ತಗೋಬೇಕು?

ಇದು ಪ್ರವಾಸ ಹೊರಟ ಪ್ರತಿಯೊಬ್ಬರೂ ಸ್ವಲ್ಪ ಸಿಟ್ಟಿನಲ್ಲೇ ಕೇಳುವ ಪ್ರಶ್ನೆ. ಕಾರಣ 1873ರ ಬಂಗಾಳ ಪೂರ್ವ ಗಡಿ ನಿಯಮಾವಳಿ. ಅದು ಬೆಟ್ಟದ ಬುಡದಲ್ಲಿ ಇನ್ನರ್ ಲೈನ್ ಎಂಬ ಗೆರೆ ಎಳೆಯಿತು. ಅದನ್ನು ದಾಟಲು ಪಾಸ್ ಬೇಕು. ಆಚೆ ಹೊರಗಿನವರು ಜಮೀನು ಕೊಳ್ಳುವಂತಿಲ್ಲ.

ಈ ಕಾನೂನು ಹುಟ್ಟಿದ್ದು ಬುಡಕಟ್ಟು ಜನರ ಮೇಲಿನ ಪ್ರೀತಿಯಿಂದಲ್ಲ. ಕಾಡಿನ ರಬ್ಬರಿಗಾಗಿ, ಆನೆ ಹಿಡಿಯಲಿಕ್ಕಾಗಿ, ಚಹಾ ತೋಟ ವಿಸ್ತರಿಸಲಿಕ್ಕಾಗಿ ಬಯಲಿನ ವ್ಯಾಪಾರಿಗಳೂ ತೋಟದವರೂ ಬೆಟ್ಟಕ್ಕೆ ನುಗ್ಗುತ್ತಿದ್ದರು. ಅಲ್ಲಿ ಜಗಳವಾಗಿ ತಲೆ ಉರುಳಿದರೆ ಸರ್ಕಾರ ದುಬಾರಿ ದಂಡಯಾತ್ರೆ ಕಳುಹಿಸಬೇಕಾಗುತ್ತಿತ್ತು. ಆ ಖರ್ಚು ತಪ್ಪಿಸಲು ತನ್ನದೇ ಪ್ರಜೆಗಳಿಗೆ ಹಾಕಿದ ಬೇಲಿ ಇದು. ಇಂದು ಅದೇ ಗೆರೆಯನ್ನು ಅರುಣಾಚಲದ ಜನ ತಮ್ಮ ಜಮೀನಿನ ರಕ್ಷೆ ಎಂದು ಹಿಡಿದುಕೊಂಡಿದ್ದಾರೆ. ತೆಗೆಯುವ ಮಾತೆತ್ತಿದರೆ ಬೀದಿಗಿಳಿಯುತ್ತಾರೆ. ಇನ್ನರ್ ಲೈನ್ ದೇಶದ ಗಡಿಯಲ್ಲ, ಬರೀ ಆಡಳಿತದ ಗೆರೆ ಎಂಬುದನ್ನೂ ಹೇಳಿಬಿಡುತ್ತೇನೆ. ಎರಡನ್ನೂ ಒಂದೇ ಎಂದುಕೊಳ್ಳುವವರು ಬಹಳ.

## ಗೆರೆ ಎಳೆದ ಕಾಲ, ಕಾಲಿಟ್ಟ ಕಾಲ

ಅಷ್ಟು ವರ್ಷ ಬೇಡ ಅಂದಿದ್ದ ಬೆಟ್ಟ ಬ್ರಿಟಿಷರಿಗೆ ದಿಢೀರ್ ಅಂತ ಯಾಕೆ ಬೇಕಾಯ್ತು?

ಎರಡು ಕಾರಣ ಒಟ್ಟಿಗೆ ಬಂದವು. 1910ರ ಹೊತ್ತಿಗೆ ಕ್ವಿಂಗ್ ರಾಜವಂಶದ ಚೀನಾದ ಸೈನ್ಯ ಲ್ಹಾಸಾದವರೆಗೆ ಬಂದು, ಲೋಹಿತ್ ಕಣಿವೆಯ ಮೇಲ್ಭಾಗದಲ್ಲೂ ಕಾಣಿಸಿಕೊಂಡಿತು. ಚಹಾ ತೋಟಗಳ ನೆತ್ತಿಯ ಮೇಲೆ ಮತ್ತೊಂದು ಸಾಮ್ರಾಜ್ಯ ಬಂದು ಕೂರುವ ಭಯ ಹುಟ್ಟಿತು. 1911ರ ಮಾರ್ಚ್‌ನಲ್ಲಿ ಸದಿಯಾದ ಸಹಾಯಕ ಪೊಲಿಟಿಕಲ್ ಆಫೀಸರ್ ನೋಯೆಲ್ ವಿಲಿಯಮ್ಸನ್ ಸಿಯಾಂಗ್ ಕಣಿವೆಯ ಕೊಮ್ಸಿಂಗ್ ಎಂಬಲ್ಲಿ ಆದಿಗಳ ಕೈಯಲ್ಲಿ ಹತನಾದ. ಜೊತೆಗಿದ್ದ ವೈದ್ಯ ಗ್ರೆಗರ್ಸನ್ ಕೂಡ ಸತ್ತ.

ಸೇಡು ತೀರಿಸಲು ಮೇಜರ್ ಜನರಲ್ ಹ್ಯಾಮಿಲ್ಟನ್ ಬೋವರ್ ನೇತೃತ್ವದಲ್ಲಿ ದೊಡ್ಡ ದಂಡು ಹೋಯಿತು. ಸೇಡಿನ ನೆಪದಲ್ಲಿ ಮೋಜಣಿಯೂ ನಡೆಯಿತು. ಹಿಂದೆಯೇ ಆಡಳಿತದ ಹೊಸ ವಿಂಗಡಣೆ ಬಂತು. 1914ರಲ್ಲಿ ಈ ಬೆಟ್ಟಗಳನ್ನು ದರಾಂಗ್ ಮತ್ತು ಲಖಿಂಪುರ ಜಿಲ್ಲೆಗಳಿಂದ ಬೇರ್ಪಡಿಸಿ ಈಶಾನ್ಯ ಗಡಿ ಪ್ರದೇಶ ಎಂದು ಕರೆದರು. 1919ರಲ್ಲಿ ಅದರ ಭಾಗಗಳಿಗೆ ಸದಿಯಾ, ಬಾಲಿಪಾರಾ ಫ್ರಾಂಟಿಯರ್ ಟ್ರಾಕ್ಟ್ ಎಂಬ ಹೆಸರುಗಳು ಬಂದವು. ತಿರಪ್ ಬೇರೆಯಾದದ್ದು ಎರಡನೇ ಮಹಾಯುದ್ಧದ ನಡುವೆ, 1943ರಲ್ಲಿ. ಬರ್ಮಾ ಕಡೆಯಿಂದ ಜಪಾನಿನ ಬಿಸಿ ತಟ್ಟಿದ ಮೇಲೆ! ಒಂದೊಂದು ಹೆಜ್ಜೆಯ ಹಿಂದೆಯೂ ಹೊರಗಿನ ಯಾರದೋ ಭಯ ಇರುವುದನ್ನು ಗಮನಿಸಿ. ಈ ಪ್ರಾಂತ್ಯದ ಚರಿತ್ರೆಯಲ್ಲಿ ಇದು ನಿಲ್ಲದ ಪಲ್ಲವಿ.

1914ರಲ್ಲೇ ಮ್ಯಾಕ್‌ಮಹೋನ್ ರೇಖೆ ಎಳೆದ ಮೇಲೆ ಅಲ್ಲೀತನಕ ನಮ್ಮ ಆಡಳಿತ ಇತ್ತು ಅಂತ ತಾನೇ ಅರ್ಥ?

ಇಲ್ಲ. ಹೆಚ್ಚಿನವರು ಎಡವುವುದು ಇಲ್ಲೇ. 1913ರಲ್ಲಿ ಬೇಲಿ ಮತ್ತು ಮೋರ್ಸ್‌ಹೆಡ್ ಎಂಬ ಇಬ್ಬರು ಅಧಿಕಾರಿಗಳು ತ್ಸಾಂಗ್‌ಪೋ ಕಣಿವೆಯಿಂದ ತವಾಂಗ್‌ವರೆಗೆ ನಡೆದು ನಕ್ಷೆ ತಂದರು. ಆ ನಕ್ಷೆಗಳ ಆಧಾರದಲ್ಲಿ 1914ರ ಮಾರ್ಚ್‌ನಲ್ಲಿ ಬ್ರಿಟಿಷ್ ಭಾರತದ ವಿದೇಶಾಂಗ ಕಾರ್ಯದರ್ಶಿ ಹೆನ್ರಿ ಮ್ಯಾಕ್‌ಮಹೋನ್ ಮತ್ತು ಟಿಬೆಟಿನ ಪ್ರತಿನಿಧಿ ಲೋನ್‌ಚೆನ್ ಶಾತ್ರಾ ಪತ್ರ ವಿನಿಮಯ ಮಾಡಿಕೊಂಡರು. ಭಾರತ-ಟಿಬೆಟ್ ನಡುವಿನ ಆ ಗೆರೆ ಹಿಮಾಲಯದ ಏಣಿನ ಮೇಲೆ ಹೋಯಿತು. ಚೀನಾ ಅದನ್ನು ಒಪ್ಪಲಿಲ್ಲ. ಅಷ್ಟರಲ್ಲಿ ಮೊದಲ ಮಹಾಯುದ್ಧ ಶುರುವಾಗಿ ಎಲ್ಲವೂ ಕಡತದೊಳಗೆ ಮಲಗಿತು.

ಎಷ್ಟು ಗಾಢ ನಿದ್ದೆಯೆಂದರೆ, 1935ರಲ್ಲಿ ಓಲಾಫ್ ಕೇರೋ ಎಂಬ ಅಧಿಕಾರಿ ಕಡತ ಕೆದಕುವವರೆಗೆ ದೆಹಲಿಯಲ್ಲೇ ಅದರ ನೆನಪು ಮಾಸಿತ್ತು. 1937ರಿಂದ ನಕ್ಷೆಗಳಲ್ಲಿ ಗೆರೆ ಕಾಣತೊಡಗಿತು. 1938ರಲ್ಲಿ ಸರ್ಕಾರದ ಒಪ್ಪಂದಗಳ ಸಂಪುಟವನ್ನು ಹೊಸದಾಗಿ ಅಚ್ಚು ಹಾಕಿಸಿ, ಅದರ ಮೇಲೆ ಮಾತ್ರ ಹಳೆಯ 1929ರ ಇಸವಿಯನ್ನೇ ಉಳಿಸಿದರು. ಹಳೆಯ ಪ್ರತಿಗಳನ್ನು ಹಿಂದಕ್ಕೆ ತರಿಸಿಕೊಂಡರು. ಅದೇ ವರ್ಷ ಕ್ಯಾಪ್ಟನ್ ಲೈಟ್‌ಫುಟ್ ತವಾಂಗ್‌ವರೆಗೆ ಹೋಗಿ ಬಂದ. ಲ್ಹಾಸಾ ಆಕ್ಷೇಪಿಸಿತು, ಆತ ಅಲ್ಲಿ ನೆಲೆ ನಿಲ್ಲದೆ ಮರಳಿದ. ಅಂದರೆ ಗೆರೆ ಎಳೆದು ಕಾಲು ಶತಮಾನ ಕಳೆದರೂ ಗೆರೆಯ ಹತ್ತಿರ ಸರ್ಕಾರದ ಒಂದು ಕುರ್ಚಿಯೂ ಇರಲಿಲ್ಲ. ಆ ಗೆರೆಗೂ ನೆಲಕ್ಕೂ ನಡುವಿನ ಅಂತರವನ್ನು ತುಂಬಿದ ಕತೆಯೇ ನೇಫಾದ ಕತೆ ಎಂದು ನನ್ನ ಎಣಿಕೆ.

ತವಾಂಗ್‌ನ ಭಾರತ ಯಾವಾಗ ತಗೊಂಡಿತು? ಯುದ್ಧ ಮಾಡ್ಬೇಕಾಯ್ತಾ?

1951ರ ಫೆಬ್ರವರಿಯಲ್ಲಿ, ಒಂದು ಗುಂಡೂ ಹಾರದೆ. 1950ರ ಅಕ್ಟೋಬರ್‌ನಲ್ಲಿ ಚೀನಾದ ಸೈನ್ಯ ಪೂರ್ವ ಟಿಬೆಟಿಗೆ ನುಗ್ಗಿತ್ತು. ಅದಕ್ಕೂ ಎರಡು ತಿಂಗಳು ಮೊದಲು, ಆಗಸ್ಟ್ 15ರಂದು, 8.6 ತೀವ್ರತೆಯ ಭೂಕಂಪ ಇಡೀ ಪ್ರದೇಶವನ್ನು ಅಲ್ಲಾಡಿಸಿ, ಬೆಟ್ಟಗಳನ್ನು ನದಿಗಳಿಗೆ ಉರುಳಿಸಿತ್ತು. ಅಸ್ಸಾಮಿನ ರಾಜ್ಯಪಾಲ ಜೈರಾಮದಾಸ್ ದೌಲತರಾಮ್ ಅವರು ಮೇಜರ್ ರಾಲೆಂಗ್ನಾವ್ ಖಾತಿಂಗ್ ಎಂಬ ಅಧಿಕಾರಿಗೆ ತವಾಂಗ್ ಕೆಲಸ ಒಪ್ಪಿಸಿದರು. ಬಾಬ್ ಖಾತಿಂಗ್ ಎಂದೇ ಹೆಸರಾದ ಇವರು ಮಣಿಪುರದ ಉಖ್ರುಲ್‌ನ ತಂಗ್‌ಖುಲ್ ನಾಗಾ. ಮಹಾಯುದ್ಧದಲ್ಲಿ ಪದಕ ಗಳಿಸಿದ ಸೈನಿಕ.

ಜನವರಿಯಲ್ಲಿ ಅಸ್ಸಾಂ ರೈಫಲ್ಸ್‌ನ (ಗಡಿ ಕಾಯುತ್ತಿದ್ದ ಅರೆಸೇನಾ ಪಡೆ) ಸುಮಾರು 200 ಜನರ ತುಕಡಿಯೊಂದಿಗೆ ಬಯಲಿನಿಂದ ಹೊರಟು, ಹಿಮ ಬಿದ್ದ ಸೆ ಲಾ ಎಂಬ ಎತ್ತರದ ಬೆಟ್ಟದಾರಿ ದಾಟಿ ತವಾಂಗ್ ಸೇರಿದರು. ಅಲ್ಲಿ ಊರಿನವರಿಗೆ ಕಾಣುವಂತೆ ಕವಾಯತು ಮಾಡಿಸಿದರು. ಊರಿನ ಮುಖಂಡರನ್ನು ಕರೆದು ಮಾತಾಡಿದರು. ಇನ್ನು ಮುಂದೆ ತ್ಸೋನಾದ ಅಧಿಕಾರಿಗೆ ಕಂದಾಯ ಕೊಡಬೇಕಿಲ್ಲ ಎಂದು ಸಾರಿದರು. ಲ್ಹಾಸಾ ಪ್ರತಿಭಟಿಸಿತು. ಬೀಜಿಂಗ್ ಆಗ ಸುಮ್ಮನಿತ್ತು, ಮಾತೆತ್ತಿದ್ದು ವರ್ಷಗಳ ಮೇಲೆ. ಈಶಾನ್ಯದ ಬೆಟ್ಟದವನೊಬ್ಬ ಹೋಗಿ ಮಾಡಿದ ಈ ಕೆಲಸ ನಮ್ಮ ಪಠ್ಯಪುಸ್ತಕಗಳಲ್ಲಿ ಒಂದು ಸಾಲೂ ಪಡೆದಿಲ್ಲ ಎಂಬುದು ನನ್ನ ಹಳೆಯ ತಕರಾರು.

ಸರ್ಕಾರವೇ ಕಾಣದ ಊರಿಗೆ ಒಬ್ಬ ಅಧಿಕಾರಿ ಹೋಗಿ ಆಡಳಿತ ಶುರು ಮಾಡೋದು ಅಂದ್ರೆ, ಬೆಳಿಗ್ಗೆ ಎದ್ದು ಏನು ಮಾಡ್ತಿದ್ರು?

ನನಗೆ ಬಹಳ ಇಷ್ಟವಾದ ಪ್ರಶ್ನೆ. ಮೊದಲ ಕೆಲಸ ನಡೆಯುವುದು. ರಸ್ತೆ ಇಲ್ಲ. ಬೆತ್ತದ ತೂಗುಸೇತುವೆಗಳ ಮೇಲೆ, ಜಿಗಣೆ ತುಂಬಿದ ಕಾಡಿನಲ್ಲಿ, ಹೊರೆಯಾಳುಗಳ ಸಾಲಿನ ಹಿಂದೆ ವಾರಗಟ್ಟಲೆ ನಡೆದು ಒಂದು ಠಾಣ್ಯ ತಲುಪಬೇಕು. ಅಕ್ಕಿ, ಉಪ್ಪು, ಸೀಮೆಎಣ್ಣೆ ವಿಮಾನದಿಂದ ಬೀಳಬೇಕು. ಡಕೋಟಾ ವಿಮಾನಗಳು ಕಣಿವೆಯೊಳಗೆ ತಗ್ಗಿ ಹಾರಿ ಮೂಟೆ ಕೆಡವುತ್ತಿದ್ದವು. ಮೋಡ ಕವಿದರೆ ಠಾಣ್ಯಕ್ಕೆ ಉಪವಾಸ.

ಎರಡನೆಯದು ದುಭಾಷಿಯನ್ನು ಹುಡುಕುವುದು. ಅಲ್ಲಿ ಅವರಿಗೆ ದೋಭಾಷಿ ಎನ್ನುತ್ತಾರೆ. ಅವನಿಲ್ಲದೆ ಸರ್ಕಾರಕ್ಕೆ ಬಾಯಿಯೂ ಇಲ್ಲ, ಕಿವಿಯೂ ಇಲ್ಲ. ಮೂರನೆಯದು ಊರಿನ ಹಿರಿಯನೊಬ್ಬನಿಗೆ ಗಾಂವ್‌ಬುಢಾ ಎಂದು ಮನ್ನಣೆ ಕೊಟ್ಟು ಕೆಂಪು ಕೋಟು ತೊಡಿಸುವುದು. ಆ ಕೆಂಪು ಕೋಟು ಇಂದಿಗೂ ಅರುಣಾಚಲದ ಹಳ್ಳಿಗಳಲ್ಲಿ ಕಾಣಸಿಗುತ್ತದೆ. ಆಮೇಲೆ ಔಷಧ, ಉಪ್ಪು ಮತ್ತು ಶಾಲೆ. ಉತ್ತರದ ಊರುಗಳಿಗೆ ಉಪ್ಪು ಬರುತ್ತಿದ್ದದ್ದು ಟಿಬೆಟಿನಿಂದ. ಅದನ್ನು ದಕ್ಷಿಣದಿಂದ ತಂದುಕೊಟ್ಟರೆ ಜನರ ಮುಖವೂ ದಕ್ಷಿಣಕ್ಕೆ ತಿರುಗುತ್ತದೆ ಎಂಬ ಲೆಕ್ಕ ಅಧಿಕಾರಿಗಳಿಗೆ ಚೆನ್ನಾಗಿ ಗೊತ್ತಿತ್ತು.

ನ್ಯಾಯದ ವಿಷಯದಲ್ಲಿ ಒಂದು ಜಾಣ ಕಾನೂನು ಇತ್ತು: 1945ರ ಅಸ್ಸಾಂ ಗಡಿ ನ್ಯಾಯಾಡಳಿತ ನಿಯಮಾವಳಿ. ಊರ ಸಭೆಗಳು ತಮ್ಮ ಪದ್ಧತಿಯಂತೆ ತೀರ್ಪು ಕೊಡುವುದನ್ನು ಅದು ಮಾನ್ಯ ಮಾಡಿತು. ಘೋರ ಅಪರಾಧಗಳು ಮಾತ್ರ ಅಧಿಕಾರಿಯ ಮುಂದೆ. ಹೀಗಾಗಿ ವಕೀಲರು, ಸ್ಟಾಂಪು ಕಾಗದ, ಕೋರ್ಟು ಫೀಸು ಯಾವುದೂ ಬೆಟ್ಟ ಹತ್ತಲಿಲ್ಲ. ವಿಭಾಗದ ಮುಖ್ಯಸ್ಥ ಪೊಲಿಟಿಕಲ್ ಆಫೀಸರ್. ಕೃಷಿ, ಆರೋಗ್ಯ, ಶಿಕ್ಷಣ ಎಲ್ಲ ಇಲಾಖೆಯವರೂ ಅವನ ಕೈಕೆಳಗೆ. ಈ ಹುದ್ದೆಗಳಿಗೆಂದೇ 1950ರ ದಶಕದಲ್ಲಿ ಇಂಡಿಯನ್ ಫ್ರಾಂಟಿಯರ್ ಅಡ್ಮಿನಿಸ್ಟ್ರೇಟಿವ್ ಸರ್ವಿಸ್ ಎಂಬ ಪ್ರತ್ಯೇಕ ಸೇವೆ ಕಟ್ಟಿದರು. ಸೈನ್ಯದಿಂದಲೂ ಇತರ ಇಲಾಖೆಗಳಿಂದಲೂ ಗಟ್ಟಿ ಕಾಲಿನವರನ್ನು ಆರಿಸಿಕೊಂಡರು. 1968ರಲ್ಲಿ ಅದನ್ನು ಐಎಎಸ್‌ಗೆ ಸೇರಿಸಲಾಯಿತು.

ಜನ ಇದನ್ನೆಲ್ಲ ಸುಮ್ನೆ ಒಪ್ಪಿಕೊಂಡ್ರಾ?

ಎಲ್ಲ ಕಡೆ ಇಲ್ಲ. ದೊಡ್ಡ ಆಘಾತ 1953ರ ಅಕ್ಟೋಬರ್‌ನಲ್ಲಿ ಸುಬನ್‌ಸಿರಿ ಭಾಗದ ಅಚಿಂಗ್‌ಮೋರಿಯಲ್ಲಿ ಆಯಿತು. ಅಸ್ಸಾಂ ರೈಫಲ್ಸ್, ಸಿಬ್ಬಂದಿ, ಹೊರೆಯಾಳುಗಳಿದ್ದ ತಂಡವನ್ನು ತಾಗಿನ್ ಜನ ಮೊದಲು ಆದರದಿಂದ ಬರಮಾಡಿಕೊಂಡು ಆಮೇಲೆ ಮೇಲೆರಗಿದರು. 40ಕ್ಕೂ ಹೆಚ್ಚು ಮಂದಿ ಸತ್ತರು. ಬಾಂಬ್ ಹಾಕಿ, ಊರು ಸುಡಿ ಎಂಬ ಒತ್ತಾಯ ಬಂತು. ಬ್ರಿಟಿಷರ ಕಾಲದಲ್ಲಾಗಿದ್ದರೆ ಅದೇ ಆಗುತ್ತಿತ್ತು. ನೆಹರೂ ಒಪ್ಪಲಿಲ್ಲ. ದೊಡ್ಡ ಪಡೆ ಹೋಯಿತು. ಆದರೆ ಊರು ಸುಡಲಿಲ್ಲ. ಆರೋಪಿಗಳನ್ನು ಹಿಡಿದು ವಿಚಾರಣೆ ಮಾಡಿ ಶಿಕ್ಷಿಸಿದರು. ಗಡಿ ಆಡಳಿತದ ಧಾಟಿ ಬದಲಾದದ್ದು ಈ ಒಂದು ನಿರ್ಧಾರದಿಂದ ಎಂದರೆ ತಪ್ಪಾಗಲಾರದು.

ಹಾಗೆಂದು ಎಲ್ಲವೂ ಮೃದುವಾಗಿತ್ತು ಎಂದು ಭಾವಿಸಬೇಡಿ. ಹೊರೆ ಹೊರುವ ಕೆಲಸಕ್ಕೆ ಊರವರನ್ನು ಕರೆದೊಯ್ಯುವುದು ಹೊಲದ ಕೆಲಸಕ್ಕೆ ಅಡ್ಡಿಯಾಗಿ ಕಹಿ ಬೆಳೆಸಿತ್ತು.

ವೆರಿಯರ್ ಎಲ್ವಿನ್ ಆ ಜನರನ್ನ ಮ್ಯೂಸಿಯಂ ಗೊಂಬೆ ಥರ ಇಡೋಕೆ ಹೊರಟಿದ್ದ ಅಂತಾರಲ್ಲ?

ಆಗಲೂ ಹೇಳುತ್ತಿದ್ದರು, ಸಂಸತ್ತಿನಲ್ಲೂ ಹೇಳಿದರು. ಇಂಗ್ಲೆಂಡಿನಲ್ಲಿ ಹುಟ್ಟಿ, ಗಾಂಧಿಯ ಸಂಪರ್ಕಕ್ಕೆ ಬಂದು, ಮಧ್ಯ ಭಾರತದ ಗೊಂಡರ ನಡುವೆ ಬದುಕಿ, ಭಾರತದ ಪೌರತ್ವ ಪಡೆದ ಮಾನವಶಾಸ್ತ್ರಜ್ಞ ಎಲ್ವಿನ್ 1954ರಲ್ಲಿ ನೇಫಾದ ಬುಡಕಟ್ಟು ಸಲಹೆಗಾರರಾದರು. 1964ರಲ್ಲಿ ತೀರಿಕೊಳ್ಳುವವರೆಗೂ ಅದೇ ಹುದ್ದೆ. ಅವರ ವಾದ ಸರಳ: ರಸ್ತೆ, ಆಸ್ಪತ್ರೆ, ಶಾಲೆ ಬರಲಿ, ಆದರೆ ಬಡ್ಡಿ ವ್ಯಾಪಾರಿ, ಗುತ್ತಿಗೆದಾರ, ಜಮೀನು ಕೊಳ್ಳುವವ ಬೇಡ. ಜಮೀನು, ಕಾಡಿನ ಹಕ್ಕು ಜನರದ್ದೇ ಇರಲಿ. ತುಂಬ ಅಧಿಕಾರಿಗಳನ್ನು ತುಂಬಬೇಡಿ. ನೆಹರೂ ಅವರ ಬುಡಕಟ್ಟು ಪಂಚಶೀಲ ಎಂದು ಹೆಸರಾದ ತತ್ವಗಳು ಇದೇ ಒಲವಿನವು.

ನನ್ನ ಅಭಿಪ್ರಾಯ ಕೇಳಿದರೆ: ಎಲ್ವಿನ್‌ರಲ್ಲಿ ರಮ್ಯ ಕಲ್ಪನೆ ಸ್ವಲ್ಪ ಹೆಚ್ಚೇ ಇತ್ತು. ಆದರೆ ಜಮೀನು ಹೊರಗಿನವರ ಪಾಲಾಗಬಾರದು ಎಂಬ ಒಂದು ಹಟ ಮಧ್ಯ ಭಾರತದ ಆದಿವಾಸಿಗಳಿಗೆ ಬಂದ ಗತಿಯಿಂದ ಅರುಣಾಚಲವನ್ನು ತಪ್ಪಿಸಿತು.

ನಮ್ಮ ನೆಲವನ್ನ ವಿದೇಶಾಂಗ ಸಚಿವಾಲಯ ನೋಡಿಕೊಳ್ತಿತ್ತು ಅನ್ನೋದು ನಿಜವಾ?

ನಿಜ. 1965ರವರೆಗೆ ನೇಫಾ ವಿದೇಶಾಂಗ ಸಚಿವಾಲಯದ ಕೆಳಗಿತ್ತು. ಬ್ರಿಟಿಷರ ಕಾಲದಿಂದ ಗಡಿ ಬುಡಕಟ್ಟುಗಳ ವ್ಯವಹಾರವನ್ನು ಹೊರದೇಶಗಳ ಇಲಾಖೆಯೇ ನೋಡುತ್ತಿದ್ದದ್ದರ ಪಳೆಯುಳಿಕೆ ಇದು. ಪ್ರಧಾನಿ ನೆಹರೂ ಅವರೇ ವಿದೇಶಾಂಗ ಸಚಿವರಾಗಿದ್ದುದರಿಂದ ನೇಫಾ ನೇರ ಅವರ ಮೇಜಿಗೆ ಬರುತ್ತಿತ್ತು. ಅದರಿಂದ ಅನುಕೂಲವೂ ಆಯಿತು. ನಮ್ಮದು ಎನ್ನುವ ನೆಲವನ್ನು ಪರದೇಶದ ಕಡತದಲ್ಲಿಟ್ಟ ವಿಪರ್ಯಾಸವೂ ಉಳಿಯಿತು.

## 1962 ಮತ್ತು ಆಮೇಲೆ

1962ರ ಸೋಲಿನಿಂದ ಅಲ್ಲಿನ ಆಡಳಿತದಲ್ಲಿ ಏನು ಬದಲಾಯ್ತು?

ಎಲ್ಲವೂ ಅವಸರಕ್ಕೆ ಬಿತ್ತು. 1959ರ ಮಾರ್ಚ್ ಕೊನೆಯಲ್ಲಿ ದಲೈ ಲಾಮಾ ಗಡಿ ದಾಟಿ ತವಾಂಗ್ ಮೂಲಕ ಬಂದರು. ಆಗಸ್ಟ್‌ನಲ್ಲಿ ಲೋಂಗ್‌ಜು ಠಾಣ್ಯದ ಮೇಲೆ ಚೀನೀಯರ ಗುಂಡಿನ ದಾಳಿ ಆದ ಮೇಲೆ ಈ ಗಡಿಯ ಹೊಣೆಯನ್ನು ಅಸ್ಸಾಂ ರೈಫಲ್ಸ್‌ನಿಂದ ಸೈನ್ಯಕ್ಕೆ ಕೊಡಲಾಯಿತು. ಆಗ ಭೂಸೇನೆಯ ಮುಖ್ಯಸ್ಥರು ನಮ್ಮ ಕೊಡಗಿನ ಜನರಲ್ ತಿಮ್ಮಯ್ಯ. 1962ರ ಅಕ್ಟೋಬರ್ 20ರಂದು ನಾಮ್ಕಾ ಚು ಹೊಳೆಯ ಬಳಿ ಯುದ್ಧ ಶುರುವಾಗಿ, ಕೆಲವೇ ದಿನಗಳಲ್ಲಿ ತವಾಂಗ್, ನವೆಂಬರ್‌ನಲ್ಲಿ ವಾಲೋಂಗ್, ಸೆ ಲಾ, ಬೊಮ್‌ಡಿಲಾ ಕೈಬಿಟ್ಟವು. ನವೆಂಬರ್ 21ಕ್ಕೆ ಚೀನಾ ತಾನೇ ಕದನ ವಿರಾಮ ಸಾರಿ, ಮ್ಯಾಕ್‌ಮಹೋನ್ ರೇಖೆಯ ಆಚೆಗೆ ಹಿಂದೆ ಸರಿಯಿತು. ಅಧಿಕಾರಿಗಳು ಮರಳಿ ಹೋದಾಗ ಜನ ಅವರನ್ನು ಸ್ವಾಗತಿಸಿದರು ಎಂಬುದನ್ನು ಸರ್ಕಾರ ಸಮಾಧಾನವಾಗಿ ಹೇಳಿಕೊಂಡಿತು. ಆದರೆ ಓಡಿಹೋಗಿದ್ದ ಸರ್ಕಾರದ ಮೇಲೆ ಭರವಸೆ ಮತ್ತೆ ಕಟ್ಟಬೇಕಿತ್ತು.

1960ರಲ್ಲಿ ಹುಟ್ಟಿದ ಗಡಿ ರಸ್ತೆಗಳ ಸಂಸ್ಥೆಗೆ ಯುದ್ಧಾನಂತರ ಕೈತುಂಬ ಕೆಲಸ. 1965ರಲ್ಲಿ ನೇಫಾ ಗೃಹ ಸಚಿವಾಲಯಕ್ಕೆ ಬಂತು. ಗಡಿ ವಿಭಾಗಗಳು ಜಿಲ್ಲೆಗಳಾದವು. ಪೊಲಿಟಿಕಲ್ ಆಫೀಸರ್ ಡೆಪ್ಯುಟಿ ಕಮಿಷನರ್ ಆದ. ಗಡಿನಾಡು ಎನಿಸಿಕೊಂಡಿದ್ದದ್ದು ಆಡಳಿತದ ಕಣ್ಣಿಗೆ ಮಾಮೂಲು ಜಿಲ್ಲೆಯಾಗಿದ್ದು ಆ ವರ್ಷ.

ಈ ಕತೆಗೂ ಕರ್ನಾಟಕಕ್ಕೂ ತಿಮ್ಮಯ್ಯನವರನ್ನ ಬಿಟ್ಟು ಬೇರೆ ಸಂಬಂಧ ಇದೆಯಾ?

ಬೈಲಕುಪ್ಪೆ ಮತ್ತು ಮುಂಡಗೋಡು. ದಲೈ ಲಾಮಾ ಅವರ ಹಿಂದೆ ಬಂದ ಸಾವಿರಾರು ನಿರಾಶ್ರಿತರು ಮೊದಲು ಇಳಿದದ್ದು ನೇಫಾದ ದಾರಿಗಳಲ್ಲೇ. ಅವರಲ್ಲಿ ಹಲವರಿಗೆ 1960ರ ದಶಕದಲ್ಲಿ ಅಂದಿನ ಮೈಸೂರು ರಾಜ್ಯ ಜಮೀನು ಕೊಟ್ಟಿತು. ಇಂದು ತವಾಂಗ್ ಕಡೆಯ ಮೋನ್ಪಾ ಹುಡುಗರು ಬೈಲಕುಪ್ಪೆಯ ಸೆರಾ, ಮುಂಡಗೋಡಿನ ಡ್ರೆಪುಂಗ್ ಮಠಗಳಿಗೆ ಓದಲು ಬರುತ್ತಾರೆ. ಅವರು ಟಿಬೆಟಿಯನ್ನರಲ್ಲ, ಭಾರತದ ಪ್ರಜೆಗಳು. ಕುಶಾಲನಗರದ ಬಸ್‌ಸ್ಟ್ಯಾಂಡಿನಲ್ಲಿ ಅವರನ್ನು ಕಂಡು ಯಾವ ದೇಶ ಎಂದು ಕೇಳುವವರು ದಯವಿಟ್ಟು ಗಮನಿಸಿ.

ಅಲ್ಲಿನ ಜನರಿಗೆ ವೋಟು ಹಾಕೋಕೆ ಅಷ್ಟು ವರ್ಷ ಯಾಕೆ ಬಿಡ್ಲಿಲ್ಲ?

ಜನ ಇನ್ನೂ ಸಿದ್ಧರಾಗಿಲ್ಲ ಎಂಬುದು ಸರ್ಕಾರದ ಉತ್ತರವಾಗಿತ್ತು. ಊರ ಸಭೆಯಲ್ಲಿ ಗಂಟೆಗಟ್ಟಲೆ ವಾದ ಮಾಡಿ ತೀರ್ಮಾನಕ್ಕೆ ಬರುವ ಜನರ ಬಗ್ಗೆ ಈ ಮಾತು ಸ್ವಲ್ಪ ಅತಿಯೇ. 1952ರಿಂದ ಲೋಕಸಭೆಗೆ ನೇಫಾದ ಸದಸ್ಯರನ್ನು ರಾಷ್ಟ್ರಪತಿ ನಾಮಕರಣ ಮಾಡುತ್ತಿದ್ದರು. ಹಾಗೆ ಹೋದವರಲ್ಲಿ ಸಿಯಾಂಗ್‌ನ ದಾಯಿಂಗ್ ಎರಿಂಗ್ ಮುಖ್ಯರು. ಅವರ ಸಮಿತಿ 1965ರಲ್ಲಿ ಕೊಟ್ಟ ವರದಿ ಹಳ್ಳಿಯಿಂದ ಮೇಲಕ್ಕೆ ನಾಲ್ಕು ಹಂತದ ಪ್ರಾತಿನಿಧ್ಯ ಸೂಚಿಸಿತು. 1967ರ ಪಂಚಾಯತ್ ರಾಜ್ ನಿಯಮಾವಳಿ ಅದನ್ನು ಕಾನೂನಾಗಿಸಿತು. 1969ರ ಕೊನೆಗೆ ಇದರ ತುದಿಯ ಹಂತವಾದ ಏಜೆನ್ಸಿ ಕೌನ್ಸಿಲ್ ಕೂತಿತು. ಕೆಬಾಂಗ್ ಮತ್ತು ಬುಲಿಯಾಂಗ್‌ಗಳನ್ನು ಕೆಡವದೆ ಅವುಗಳ ಮೇಲೇ ಈ ಹಂತಗಳನ್ನು ಕಟ್ಟಿದ್ದು ಎರಿಂಗ್ ಅವರ ಹೆಚ್ಚುಗಾರಿಕೆ.

1972ರ ಜನವರಿಯಲ್ಲಿ ಇಂದಿರಾ ಗಾಂಧಿ ಜಿರೋದಲ್ಲಿ ಕೇಂದ್ರಾಡಳಿತ ಪ್ರದೇಶವನ್ನು ಉದ್ಘಾಟಿಸಿದರು. ಅರುಣಾಚಲ ಎಂಬ ಹೆಸರು ಸೂಚಿಸಿದವರು ಅಲ್ಲಿನ ಸಂಶೋಧನಾ ಇಲಾಖೆಯ ಬಿಭಾಬಸು ದಾಸ್ ಶಾಸ್ತ್ರಿ. ಕೆ. ಎ. ಎ. ರಾಜಾ ಮುಖ್ಯ ಆಯುಕ್ತರಾದರು. ಅಲ್ಲಿಯವರೆಗೂ ಶಿಲ್ಲಾಂಗಿನಲ್ಲಿ ಕೂತು ನಡೆಸುತ್ತಿದ್ದ ಆಡಳಿತ ಎರಡು ವರ್ಷದಲ್ಲಿ ಇಟಾನಗರ, ನಹರ್ಲಗುನ್ ಕಡೆ ಬಂತು. 1975ರ ಆಗಸ್ಟ್ 15ರಂದು ಏಜೆನ್ಸಿ ಕೌನ್ಸಿಲ್ ಜಾಗಕ್ಕೆ ಬಂದಿದ್ದ ಪ್ರದೇಶ ಕೌನ್ಸಿಲ್ ವಿಧಾನಸಭೆಯಾಗಿ, ಪ್ರೇಮ್ ಖಂಡು ತುಂಗನ್ ಮೊದಲ ಮುಖ್ಯಮಂತ್ರಿಯಾದರು. ಲೋಕಸಭೆಗೆ ಮೊದಲ ನೇರ ಮತದಾನ 1977ರಲ್ಲಿ, ವಿಧಾನಸಭೆಗೆ 1978ರಲ್ಲಿ. ಅಂದರೆ ದೇಶದ ಉಳಿದವರು ಐದು ಲೋಕಸಭಾ ಚುನಾವಣೆ ಮುಗಿಸಿದ ಮೇಲೆ!

ರಾಜ್ಯ ಆಗೋಕೆ 1987ರ ತನಕ ಕಾಯಿಸಿದ್ದು ಚೀನಾಗೆ ಹೆದರಿಯಾ?

ಚೀನಾ ಒಂದು ಕಾರಣ, ಆದರೆ ಕೊನೆಗೆ ಅದೇ ವಿಳಂಬಕ್ಕಿಂತ ಅವಸರಕ್ಕೆ ಕಾರಣವಾಯಿತು. ರಾಜ್ಯಕ್ಕೆ ಸ್ವಂತ ಆದಾಯ ತೀರ ಕಡಿಮೆ. ಜೊತೆಗೆ ಗಡಿಯ ಭದ್ರತೆಯನ್ನು ನೇರ ತನ್ನ ಕೈಯಲ್ಲಿಡುವ ಆಸೆ ಕೇಂದ್ರಕ್ಕಿತ್ತು. 1986ರಲ್ಲಿ ತವಾಂಗ್ ಬಳಿ ಸುಮ್‌ದೊರೊಂಗ್ ಚು ಕಣಿವೆಯಲ್ಲಿ ಚೀನೀಯರು ಬೀಡುಬಿಟ್ಟು ಎರಡೂ ಸೈನ್ಯ ಎದುರುಬದುರಾದವು. ಅದೇ ವರ್ಷ ಸಂಸತ್ತು ರಾಜ್ಯದ ಕಾನೂನು ಮಾಡಿತು. 1987ರ ಫೆಬ್ರವರಿ 20ರಂದು ಅರುಣಾಚಲ, ಅದೇ ದಿನ ಮಿಜೋರಾಂ, ರಾಜ್ಯಗಳಾದವು. ಬೀಜಿಂಗ್ ಪ್ರತಿಭಟಿಸಿತು. ಸುಮಾರು 90,000 ಚದರ ಕಿಲೋಮೀಟರ್ ತನ್ನದೆಂಬ ಅದರ ಹಕ್ಕೊತ್ತಾಯ ಇಂದಿಗೂ ಇದೆ.

ಪೂರ್ಣ ರಾಜ್ಯವಾದರೂ ಸಂವಿಧಾನದ 371-ಎಚ್ ವಿಧಿ ಕಾನೂನು ಸುವ್ಯವಸ್ಥೆಯ ವಿಷಯದಲ್ಲಿ ರಾಜ್ಯಪಾಲರಿಗೆ ವಿಶೇಷ ಹೊಣೆ ಕೊಟ್ಟಿತು. ಹಳೆಯ ಏಜೆಂಟರ ನೆರಳು ಪೂರ್ತಿ ಸರಿಯಲಿಲ್ಲ.

## ಇನ್ನಷ್ಟು ಒಳಕ್ಕೆ

ನಾಗಾಲ್ಯಾಂಡ್, ಮಿಜೋರಾಂ ಹೊತ್ತಿ ಉರಿದ್ರೂ ಅರುಣಾಚಲ ಶಾಂತವಾಗಿತ್ತು. ಯಾಕೆ?

ಒಂದೇ ಉತ್ತರ ಇಲ್ಲ. ನಾಗಾ, ಮಿಜೋ ಬೆಟ್ಟಗಳಲ್ಲಿ ಮಿಷನರಿ ಶಾಲೆಗಳಿಂದ ಓದಿದ ವರ್ಗ, ಸಮಾನ ಧರ್ಮ, ಒಂದಾಗಿಸುವ ಸಂಘಟನೆ ಮೊದಲೇ ಬೆಳೆದಿದ್ದವು. ನೇಫಾದಲ್ಲಿ ಇಪ್ಪತ್ತಕ್ಕೂ ಹೆಚ್ಚು ದೊಡ್ಡ ಬುಡಕಟ್ಟುಗಳು, ಒಬ್ಬರ ಮಾತು ಇನ್ನೊಬ್ಬರಿಗೆ ತಿಳಿಯದು, ಮಿಷನರಿಗಳಿಗೆ ಪ್ರವೇಶವಿಲ್ಲ. ನಾವೆಲ್ಲ ಒಂದು ಎಂಬ ಭಾವನೆಯನ್ನೇ ಅಲ್ಲಿ ಹುಟ್ಟಿಸಿದ್ದು ಆಡಳಿತ. ಕಂದಾಯ ಇಲ್ಲದ್ದು, ಜಮೀನು ಕೈಬಿಡದ್ದು ದೊಡ್ಡ ಕಾರಣ. 1962ರಲ್ಲಿ ಚೀನೀಯರನ್ನು ಕಣ್ಣಾರೆ ಕಂಡದ್ದೂ ಸೇರಿತು. ನಾಗಾ ಬಂಡಾಯದ ಬಿಸಿ ತಟ್ಟಿದ ತಿರಪ್, ಚಾಂಗ್‌ಲಾಂಗ್, ಲೋಂಗ್‌ಡಿಂಗ್ ಜಿಲ್ಲೆಗಳಿಗೆ ಮಾತ್ರ ಈ ಶಾಂತಿಯ ಮಾತು ಅಷ್ಟಾಗಿ ಒಪ್ಪುವುದಿಲ್ಲ.

ಅಲ್ಲಿ ಎಲ್ರೂ ಚೆನ್ನಾಗಿ ಹಿಂದಿ ಮಾತಾಡ್ತಾರೆ. ಹೇರಿಕೆನಾ?

ಮೊದಲ ಶಾಲೆಗಳಲ್ಲಿ ಅಸ್ಸಾಮಿಯೇ ಇತ್ತು. ಸಂತೆಗಳಲ್ಲಿ ನೇಫಾಮೀಸ್ ಎಂಬ ಅಸ್ಸಾಮಿ ಬೆರಕೆ ಮಾತು ನಡೆಯುತ್ತಿತ್ತು. ಆಮೇಲೆ ಆಡಳಿತ ಹಿಂದಿಯತ್ತ ವಾಲಿತು. ಸೈನ್ಯ, ರಸ್ತೆ ಕೆಲಸದವರು, ಸಿನಿಮಾ ಉಳಿದದ್ದನ್ನು ಮಾಡಿದರು. ಓದಿನ ಮಾಧ್ಯಮ ಇಂಗ್ಲಿಷ್ ಆಯಿತು. ಇಷ್ಟೊಂದು ಭಾಷೆಗಳ ನಡುವೆ ಯಾರದ್ದೂ ಅಲ್ಲದ ಭಾಷೆ ಎಲ್ಲರಿಗೂ ಅನುಕೂಲವಾಯಿತು. ಬೆಲೆ ತೆತ್ತದ್ದು ಮನೆಮಾತುಗಳು. ಪಟ್ಟಣದ ಮಕ್ಕಳು ಅಜ್ಜಿಯ ಜೊತೆಗೂ ಹಿಂದಿಯಲ್ಲೇ ಮಾತಾಡುವುದು ಅಲ್ಲಿ ಈಗ ಮನೆಮನೆಯ ಚಿಂತೆ.

ಅಸ್ಸಾಂ ಜೊತೆ ಗಡಿ ಜಗಳ ಯಾಕೆ? ಎಲ್ಲ ಭಾರತದೊಳಗೇ ಇರೋದಲ್ವಾ?

1951ರಲ್ಲಿ, ಗೋಪಿನಾಥ್ ಬೊರ್ದೊಲೋಯಿ ಸಮಿತಿಯ ಶಿಫಾರಸಿನಂತೆ, ಬೆಟ್ಟದ ಬುಡದ ಸುಮಾರು 3,648 ಚದರ ಕಿಲೋಮೀಟರ್ ಬಯಲನ್ನು ಅಸ್ಸಾಮಿಗೆ ವರ್ಗಾಯಿಸಲಾಯಿತು. ಅದು ತಮ್ಮ ಬೇಟೆ, ಬೇಸಾಯದ ನೆಲ, ನಮ್ಮನ್ನು ಕೇಳಲಿಲ್ಲ ಎಂದು ಬೆಟ್ಟದವರ ದೂರು. ಆಗ ಕೇಳಲು ಅವರಿಗೆ ಸಭೆಯೂ ಇರಲಿಲ್ಲ, ಶಾಸಕನೂ ಇರಲಿಲ್ಲ. ಅಸ್ಸಾಂ 1989ರಲ್ಲಿ ಸುಪ್ರೀಂ ಕೋರ್ಟಿಗೆ ಹೋಯಿತು. 2022ರ ಜುಲೈನ ನಾಮ್‌ಸಾಯಿ ಘೋಷಣೆ, 2023ರ ಏಪ್ರಿಲ್‌ನ ಒಪ್ಪಂದ 123 ಹಳ್ಳಿಗಳ ವಿವಾದ ಬಗೆಹರಿಸುವ ದಾರಿ ಹಾಕಿವೆ.

ಚಕ್ಮಾ ವಿವಾದ ಅಂತ ಪೇಪರಿನಲ್ಲಿ ಬರುತ್ತಲ್ಲ, ಅದೂ ಇದಕ್ಕೆ ಸೇರಿದ್ದಾ?

ಇದೇ ಕತೆಯ ಬಾಕಿ ಲೆಕ್ಕ ಅದು. ಪೂರ್ವ ಪಾಕಿಸ್ತಾನದ ಕಾಪ್ತಾಯಿ ಅಣೆಕಟ್ಟೆಯಿಂದ ನೆಲ ಕಳೆದುಕೊಂಡ ಚಕ್ಮಾಗಳೂ, ಕಿರುಕುಳಕ್ಕೆ ಓಡಿಬಂದ ಹಾಜೋಂಗರೂ ಸೇರಿ ಸುಮಾರು 15,000 ಜನರನ್ನು 1964ರಿಂದ 1969ರ ನಡುವೆ ನೇಫಾದಲ್ಲಿ ನೆಲೆಗೊಳಿಸಿದರು. ಖಾಲಿ ಜಾಗದಲ್ಲಿ ಜನ ಕೂತರೆ ಗಡಿ ಗಟ್ಟಿಯಾಗುತ್ತದೆ ಎಂಬ ಎಣಿಕೆಯೂ ಯುದ್ಧಾನಂತರದ ಆ ದಿನಗಳಲ್ಲಿತ್ತು. ಸ್ಥಳೀಯರಿಗೆ ಅದು ಖಾಲಿ ಜಾಗವಾಗಿರಲಿಲ್ಲ. ಸರ್ಕಾರದ ಕಡತದಲ್ಲಿ ಹಕ್ಕುಪತ್ರ ಇಲ್ಲದಿದ್ದರೂ ಯಾವ ಹೊಳೆಯಿಂದ ಯಾವ ಬಂಡೆಯವರೆಗೆ ಯಾವ ಕುಲದ್ದು ಎಂದು ಊರಿಗೆ ಗೊತ್ತಿತ್ತು.

1996ರಲ್ಲಿ ಸುಪ್ರೀಂ ಕೋರ್ಟ್ ಅವರ ಜೀವ, ಆಸ್ತಿ ಕಾಪಾಡಲು ರಾಜ್ಯಕ್ಕೆ ಆದೇಶಿಸಿತು. 2015ರಲ್ಲಿ ಪೌರತ್ವದ ಅರ್ಜಿಗಳನ್ನು ಇತ್ಯರ್ಥ ಮಾಡಲು ಹೇಳಿತು. ಅಲ್ಲೇ ಹುಟ್ಟಿ ಅರವತ್ತರ ಹತ್ತಿರ ಬಂದ ಚಕ್ಮಾ ರೈತನಿಗೂ ನ್ಯಾಯ ಬೇಕು, ಕೇಳದೆ ಕಿತ್ತುಕೊಂಡರು ಎನ್ನುವ ಸ್ಥಳೀಯ ಸಿಂಗ್ಫೋ, ಖಾಮ್ತಿ ಬುಡಕಟ್ಟಿನ ಹಿರಿಯನ ಮಾತೂ ಸುಳ್ಳಲ್ಲ. ಇಬ್ಬರನ್ನೂ ಕೇಳದೆ ತೀರ್ಮಾನ ಬರೆದವರು ಶಿಲ್ಲಾಂಗ್ ಮತ್ತು ದೆಹಲಿಯಲ್ಲಿದ್ದರು.